ನಿಮ್ಮಪ್ಪನ ತಲೆಗೆ ಕಟ್ಟಿದ ಕೆಮ್ಮು

ಅತ್ಗೆ, ಆ ಗೌರಿ ಹಬ್ಬಕ್ಕೆ ನಮ್ಮನೆಗೆ ಕೆಮ್ಮು ತಂದಿದ್ದು ನಿಮ್ಮಪ್ಪ ಅಲ್ಲ. ನಾನು.

ಬರೆದ್ಬಿಟ್ಟೆ. ಈ ಒಂದು ಸಾಲಿಗೆ ಎರಡು ವರ್ಷ ಹಿಡೀತು. ಎಸ್ಸೆಲ್ಸಿ ಗಣಿತ ಪಾಸಾಗಕ್ಕೂ ನಂಗೆ ಅಷ್ಟೇ ಹಿಡ್ದಿದ್ದು, ಅದಕ್ಕಾದ್ರೆ ಟ್ಯೂಷನ್ ಇತ್ತು.

ಇದನ್ನ ಭಾನುವಾರ ಬೆಳಿಗ್ಗೆ, ಅವ್ವ, ಅಣ್ಣ, ಅಜ್ಜಿ, ನೀವು ಎಲ್ರೂ ಇರೋವಾಗ ಓದ್ಬೇಕು ಅಂತ ಬರೀತಿದೀನಿ. ಬಾಯಲ್ಲಿ ಹೇಳಕ್ಕೆ ಹೋದ್ರೆ ಮಧ್ಯದಲ್ಲಿ ಏನಾದ್ರೂ ತಮಾಷೆ ಮಾಡ್ತೀನಿ, ನೀವೆಲ್ಲ ನಗ್ತೀರ, ಹೇಳ್ಬೇಕಾದ್ದು ಅಲ್ಲೇ ಉಳ್ಕೊಳ್ತದೆ. ನಿಮಗೆ ಗೊತ್ತಿರೋದ್ನೂ ಬಿಡ್ದೆ ಬರೀತೀನಿ ಅತ್ಗೆ. ಬಿಡಕ್ಕೆ ಶುರು ಮಾಡಿದ್ರೆ ಸರಿಯಾಗಿ ನಾನು ಕೆಟ್ಟವ್ನಾಗಿರೋ ಜಾಗಾನೇ ಬಿಡ್ತೀನಿ — ನನ್ನ ಬುದ್ಧಿ ನಂಗೊತ್ತು.

ನೀವು ಮದ್ವೆಯಾಗಿ ಅಗರಕ್ಕೆ ಬಂದು ನಾಕು ತಿಂಗ್ಳಾಗಿತ್ತು. ನಿಮಗೆ ಮೊದಲ್ನೇ ಗೌರಿ ಹಬ್ಬ. ನಂಗೆ ಆ ವರ್ಷದ ದೊಡ್ಡ ವಿಷ್ಯ ಬೇರೆ ಇತ್ತು — ಹನೂರಲ್ಲಿ ನನ್ನ ಫ್ರೆಂಡು ಒಬ್ಬಂದು ಮೈಕ್‌ಸೆಟ್ ಅಂಗ್ಡಿ ಅದೆಯಲ್ಲ, ಅವ್ರ ಬೀದಿ ಗಣೇಶನ ಮುಂದೆ ಕಾಮಿಡಿ ಮಾಡಕ್ಕೆ ನನ್ನ ಕರ್ದಿದ್ರು. ನಾನು ಅದನ್ನ ಊರೆಲ್ಲ ಸಾರಿದ್ದೆ. ಬಸ್ ಕಂಡಕ್ಟರಿಗೂ ಹೇಳಿದ್ದೆ. ಹಬ್ಬದ ಹಿಂದಿನ ವಾರ ಮೂರು ದಿನ ಅಂಗ್ಡಿ ಹಿಂದಿನ ರೂಮಲ್ಲಿ ಪ್ರಾಕ್ಟೀಸು. ಆರು ಜನ, ಒಂದೇ ಮೈಕು. ಅದನ್ನ ಐಸ್‌ಕ್ಯಾಂಡಿ ಥರ ಬಾಯಿಗೆ ಇಟ್ಕೊಂಡು ಒಬ್ರಾದ್ಮೇಲೆ ಒಬ್ರು ಕಿರ್ಚಿದ್ದೇ ಕಿರ್ಚಿದ್ದು. ಆರು ಜನದಲ್ಲಿ ಇಬ್ರು ಆಗ್ಲೇ ಕೆಮ್ತಿದ್ರು. ನಾವು ಆ ಕೆಮ್ಮನ್ನೂ ಮೈಕಲ್ಲಿ ಕೇಳಿ ನಕ್ಕಿದ್ವಿ.

ಮೂರನೇ ದಿನ ಬಸ್ಸಲ್ಲಿ ಬರೋವಾಗ್ಲೇ ಮೈ ಕೆಂಡ. ಯಳಂದೂರಲ್ಲಿ ಇಳ್ದು ಡಾಕ್ಟರ ಹತ್ರ ಹೋದೆ — ಇದು ನಿಮ್ಗ್ಯಾರಿಗೂ ಗೊತ್ತಿಲ್ಲ. ಅವ್ರು ಎದೆಗೆ ಕೊಳ್ವೆ ಇಟ್ಟು ನೋಡಿ, "ಕಫ ಕಟ್ಟದೆ ಕಣಪ್ಪ. ಮನೇಲಿ ವಯಸ್ಸಾದವ್ರು ಇದ್ರೆ ಒಂದ್ವಾರ ದೂರ ಇರು," ಅಂದ್ರು. ಆಯ್ತು ಸಾ, ಅಂದೆ. ಅಂದು ಬಂದು, ಯಾವತ್ತಿನಂಗೆ ಅಜ್ಜಿ ಮಂಚದ ಪಕ್ಕಾನೇ ಚಾಪೆ ಹಾಕ್ದೆ. ಬೇರೆ ಕಡೆ ಹಾಕಿದ್ರೆ ಅವ್ವ ಯಾಕೆ ಅಂತ ಕೇಳ್ತಿದ್ಳು. ಕೇಳಿದ್ರೆ ಜ್ವರ ಗೊತ್ತಾಗ್ತಿತ್ತು. ಗೊತ್ತಾದ್ರೆ ಹನೂರೂ ಇಲ್ಲ, ಮೈಕೂ ಇಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕ್ದೆ — ಸಿಗ್ಲಿಲ್ಲ.

ಕೆಮ್ಮು ಬಚ್ಚಿಡಕ್ಕೆ ನಾನು ಪಟ್ಟ ಪಾಡಿಗೇ ಒಂದು ಬಹುಮಾನ ಕೊಡ್ಬೇಕು. ಕೆಮ್ಮು ಬಂದ್ರೆ ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲೇಟರ್ ತಿರುಗಿಸ್ತಿದ್ದೆ. ಟೀವಿ ಜೋರು ಮಾಡ್ತಿದ್ದೆ. ತೀರಾ ತಡೀದಿದ್ರೆ ಕೊಟ್ಟಿಗೆಗೆ ಓಡೋಗಿ ಎಮ್ಮೆ ಹೊಟ್ಟೆಗೆ ಮುಖ ಒತ್ತಿ ಕೆಮ್ತಿದ್ದೆ. ಆ ಎಮ್ಮೆ ಎರಡು ದಿನ ನನ್ನ ಕಂಡ್ರೆ ಹಿಂದೆ ಸರೀತಿತ್ತು. ಇಡೀ ಮನೇಲಿ ನನ್ನಿಂದ ದೂರ ಇರ್ಬೇಕು ಅಂತ ಅರ್ಥ ಆಗಿದ್ದು ಅದಕ್ಕೊಂದಕ್ಕೇ.

ಹಬ್ಬದ ದಿನ ನಿಮ್ಮಪ್ಪ ಕೊಳ್ಳೇಗಾಲದಿಂದ ಬಾಗಿನ ತಂದ್ರು. ಬಸ್ ಸ್ಟಾಪಿಂದ ಬಿಸಿಲಲ್ಲಿ ನಡ್ಕೊಂಡು, ಎರಡು ಕೈಯಲ್ಲೂ ಮೊರ ಹಿಡ್ಕೊಂಡು ಬಂದು ಬಾಗ್ಲಲ್ಲಿ ನಿಂತ್ರು. ಮೂವತ್ತು ವರ್ಷ ರೇಷ್ಮೆ ಗೂಡು ಬೇಯ್ಸಿ ನೂಲು ತೆಗ್ದಿರೋ ಎದೆ ಅದು — ಆ ಹಬೆ, ಆ ಒಲೆ ಹೊಗೆ. ನಡೆದ್ರೆ ಕೆಮ್ಮು ಬರ್ತದೆ. ಕೈಯಲ್ಲಿ ಬಾಗಿನ ಇದ್ದಿದ್ರಿಂದ ಬಾಯಿ ಮುಚ್ಕೊಳ್ಳಕ್ಕಾಗ್ಲಿಲ್ಲ. ಮುಖ ತಿರುಗಿಸಿ ಹೆಗಲಿಗೆ ಕೆಮ್ಮಿದ್ರು. ಎಲ್ರೂ ನೋಡಿದ್ವಿ. ಆಮೇಲೆ ನಿಮ್ಮ ಕೈಗೆ ಬಾಗಿನ ಕೊಟ್ರು, ಅಜ್ಜಿಗೆ ಅಡ್ಡಬಿದ್ರು, ಒಬ್ಬಟ್ಟು ಉಂಡು ಹೊರಟ್ರು.

ಅವತ್ತು ಸಂಜೆಗೇ ಅಜ್ಜಿಗೆ ಕೆಮ್ಮು ಶುರುವಾಯ್ತು. ಎರಡು ದಿನಕ್ಕೆ ಅಣ್ಣಂಗೆ, ಅವ್ವಂಗೆ, ನಿಮಗೆ. ನನ್ನ ಹನೂರಿನ ಕಾಮಿಡಿ ಏನಾಯ್ತು ಅಂದ್ರೆ, ಗಂಟ್ಲು ಕಟ್ಟೋಗಿ ಮೈಕಲ್ಲಿ ಕಪ್ಪೆ ವಟಗುಟ್ಟಿದಂಗೆ ಬಂತು, ಜನ ಮಂಗಳಾರತಿ ಶುರು ಮಾಡ್ಬಿಟ್ರು. ಅದಕ್ಕೋಸ್ಕರ ಇಷ್ಟೆಲ್ಲ.

ಈಗ ಆ ಮಾತು.

ನಡುಮನೇಲಿ ಎಲ್ರೂ ಜೀರಿಗೆ ಮೆಣಸಿನ ಕಷಾಯ ಕುಡೀತಾ ಕೂತಿದ್ವಿ. ನೀವು ಲೋಟ ತುಂಬ್ಸ್ತಾ ಇದ್ರಿ. ಅವ್ವ ನನ್ನೇ ನೋಡ್ತಾ, "ಲೇ ಮಾದ, ಅಬ್ಬಕ್ ಮುಂಚೆ ಕೊಟ್ಟಿಗೇಲಿ ಯಾರೋ ಕೆಮ್ದಂಗಿತ್ತು. ನೀನೇ ಅಲ್ವೇನ್ಲಾ?" ಅಂದ್ಳು.

ಸಿಕ್ಕಾಕೊಂಡೆ. ಸಿಕ್ಕಾಕೊಂಡಾಗ ನನ್ನ ಬಾಯಿ ನನ್ನ ಕೇಳದೇ ಕೆಲ್ಸ ಶುರು ಮಾಡ್ತದೆ.

"ನನ್ನ್ಯಾಕೆ ಕೇಳೀಯವ್ವ," ಅಂದೆ. "ಅತ್ಗೆ ಬಾಗಿನ ಬಿಚ್ಚಿ ನೋಡು. ಬಳೆ ಅದೆ, ಬಿಚ್ಚೋಲೆ ಅದೆ, ಅಕ್ಕಿ, ಬೇಳೆ, ಬೆಲ್ಲ — ಎಲ್ಲದ್ರ ಅಡೀಲಿ ಬೀಗ್ರು ಕೆಮ್ಮು ಮಡಗವ್ರೆ."

ಎಲ್ರೂ ನಕ್ರು. ಅಣ್ಣ ಕಷಾಯ ಮೂಗಿಗೆ ಹತ್ತೋವಷ್ಟು ನಕ್ಕ. ನೀವೂ ನಕ್ರಿ ಅತ್ಗೆ — ಬಾಯಿ ಮಾತ್ರ. ನಂಗೆ ಕಾಣಿಸ್ತು. ಕಂಡೂ ನಾನು ನಿಲ್ಲಿಸ್ಲಿಲ್ಲ. ಎದ್ದು ನಿಂತು, ಇಲ್ಲದ ಮೊರಾನ ಎರಡು ಕೈಯಲ್ಲಿ ಹಿಡ್ಕೊಂಡು, ನಿಮ್ಮಪ್ಪನಂಗೇ ಹೆಗಲಿಗೆ ಕೆಮ್ಮಿ ತೋರಿಸ್ದೆ. ಕೆಮ್ಮಿದ್ದು ನಂದೇ ನಿಜವಾದ ಕೆಮ್ಮು. ಅಷ್ಟು ದಿನದಿಂದ ತಡ್ದಿಟ್ಟಿದ್ದು, ಎಲ್ರ ಮುಂದೇನೇ ಆರಾಮಾಗಿ ಕೆಮ್ಕೊಂಡೆ. ಅಷ್ಟು ಚೆನ್ನಾಗಿ ಮಿಮಿಕ್ರಿ ಮಾಡ್ತಾನೆ ಅಂತ ಅಜ್ಜಿ ಚಪ್ಪಾಳೆ ತಟ್ಟಿದ್ಳು.

ನೀವು ಲೋಟ ಎತ್ಕೊಂಡು ಒಳಗೆ ಹೋದ್ರಿ.

ಅವ್ವನ ನಗು ಮೊದ್ಲು ನಿಂತಿದ್ದು. "ಊ ಕಣ್ಲಾ... ಬೀಗ್ರು ಕೆಮ್ತಾನೇ ಬಂದ್ರಲ್ವಾ," ಅಂದ್ಳು.

ಅಲ್ಲಿಗೆ ತಮಾಷೆ ಹೋಗಿ ಅದು ಸುದ್ದಿ ಆಗೋಯ್ತು. ಇಲ್ಲ ಕಣವ್ವ, ಸುಮ್ನೆ ಅಂದೆ, ಅಂತ ಒಂದು ಮಾತು ಹೇಳಕ್ಕೆ ಎಷ್ಟೊತ್ತು ಬೇಕಿತ್ತು — ಕಷಾಯ ಇನ್ನೂ ಆರಿರ್ಲಿಲ್ಲ.

ಅಜ್ಜಿಗೆ ಉಸಿರು ಹಿಡ್ಕೊಂಡಿದ್ದು ನಾಕನೇ ದಿನ. ಆಸ್ಪತ್ರೇಲಿ ಮೂಗಿಗೆ ಆಕ್ಸಿಜನ್ ಪೈಪು ಹಾಕ್ಕೊಂಡು, ಮಾತಾಡಕ್ಕಾಗ್ದೆ, ಕಣ್ಣಲ್ಲೇ ನನ್ನ ಹತ್ರ ಕರೀತಿದ್ಳು. ಡಾಕ್ಟ್ರು ಕೇಳಿದ್ರು, "ಮನೇಲಿ ಮೊದ್ಲು ಯಾರಿಗೆ ಬಂತು?" ಅವ್ವ ಅಂದ್ಳು, "ನಮ್ ಬೀಗ್ರಿಗೆ ಸಾ. ಅವ್ರಿಗೆ ಸುಮಾರ್ ದಿನದಿಂದ ಕೆಮ್ಮದೆ." ನಾನು ಅಲ್ಲೇ, ಅವ್ವನ ಪಕ್ಕ, ಬಿಸಿನೀರಿನ ಫ್ಲಾಸ್ಕ್ ಹಿಡ್ಕೊಂಡು ನಿಂತಿದ್ದೆ. ಆ ಫ್ಲಾಸ್ಕ್ ಮುಚ್ಚಳಾನ ಎಷ್ಟು ಸಲ ತಿರುಗಿಸಿದ್ನೋ. ಅಜ್ಜಿ ಉಳೀತಾಳೋ ಇಲ್ವೋ ಅನ್ನೋ ಹೊತ್ತಲ್ಲೂ ನಂಗಿದ್ದ ದೊಡ್ಡ ಭಯ, ಡಾಕ್ಟ್ರು ತಿರುಗಿ ನನ್ನ ಕೇಳ್ಬಿಟ್ರೆ ಅನ್ನೋದು.

ಅಜ್ಜಿ ಹುಷಾರಾಗಿ ಬಂದ್ಳು. ಆದ್ರೆ ಅವ್ವ ಡಾಕ್ಟ್ರಿಗೆ ಹೇಳಿದ ಆ ಒಂದು ಮಾತಿಂದ ನಿಮ್ಮಪ್ಪನ ಮನೆಗೆ ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯವ್ರು ಬಂದ್ರು. ಡಬ್ಬಿ ಕೊಟ್ಟಿದ್ದು, ತಕಂಡು ಹೋಗಿದ್ದು ಬೀದಿಯೆಲ್ಲ ನೋಡ್ತು. ನೂಲು ತೆಗೆಯೋ ಶೆಡ್ಡಲ್ಲಿ ಬ್ಯಾಡ ಅಂದ್ರು, ರಿಪೋರ್ಟ್ ಬರೋಗಂಟ ಮನೇಲಿರು ಅಂದ್ರು. ರಿಪೋರ್ಟಲ್ಲಿ ಏನೂ ಇರ್ಲಿಲ್ಲ — ಟೀಬೀನೂ ಇಲ್ಲ, ಅಂಟೋ ಅಂಥದ್ದೂ ಇಲ್ಲ, ಹಬೆ ಕುಡ್ದು ಕುಡ್ದು ಎದೆ ಕೆಟ್ಟಿರೋದು. ನೀವು ಆ ಚೀಟಿ ತಂದು ಅವ್ವಂಗೆ ತೋರ್ಸಿದ್ರಿ. ಅವ್ವ ತಲೆ ಆಡಿಸಿದ್ಳು. ಆದ್ರೂ ಫೋನಲ್ಲಿ, "ಸ್ವಲ್ಪ್ ದಿನ ಬರಾದ್ ಬ್ಯಾಡ ಬೀಗ್ರೇ, ನಮ್ಮತ್ತೆಮ್ಮ ಸುಧಾರ್ಸ್ಕೊಳ್ಳಿ," ಅಂದಿದ್ದು ಹಂಗೇ ಉಳೀತು.

ಮುಂದಿನ ಗೌರಿಗೆ ನಿಮಗೆ ಆರು ತಿಂಗ್ಳು. ನಿಮ್ಮಪ್ಪ ಬಂದು ಗೇಟ್ ಆಚೆನೇ ನಿಂತ್ರು. ಟವಲ್ಲಲ್ಲಿ ಬಾಯಿ ಕಟ್ಕೊಂಡು, ಕಾಂಪೌಂಡ್ ಮೇಲಿಂದ ಬಾಗಿನ ಕೊಟ್ರು. ಒಳಗೆ ಬನ್ನಿ ಅಂತ ನೀವು ಕರೆದ್ರೆ, "ಬಸ್ಸಿಗೊತ್ತಾಯ್ತದೆ ಕಣವ್ವ," ಅಂದ್ರು. ಆಮೇಲೆ ಅವ್ವನ್ನ ಕೇಳಿದ್ರು, ಬಾಣಂತನಕ್ಕೆ ಯಾವಾಗ ಬಂದು ಕರ್ಕೊಂಡೋಗ್ಲಿ ಅಂತ.

"ಅದು ಇಲ್ಲೇ ಆಗ್ಲಿ ಬುಡಿ ಬೀಗ್ರೇ. ಎಳೇ ಕೂಸು. ನಿಮ್ಮನೇಲಿ... ಗೊತ್ತಲ್ಲ ನಿಮ್ಗೇ."

ಚೊಚ್ಚಲ ಬಾಣಂತನ ತವರಲ್ಲಿ ಆಗ್ಬಾರ್ದು ಅಂತ, ತವರಿನವ್ರ ಮುಖಕ್ಕೇ ಹೇಳಿದ್ದು. ನಾನು ಜಗುಲಿ ಮೇಲೆ ಕೂತಿದ್ದೆ. ನನ್ನ ಬಾಯಿ ತುಂಬ ಒಬ್ಬಟ್ಟಿತ್ತು. ಊರೆಲ್ಲ ವಟವಟ ಅನ್ನೋ ಬಾಯಿ, ಅವತ್ತು ಅಗೀತಾ ಇತ್ತು. ನೀವು ಬಾಗಿನ ಹಿಡ್ಕೊಂಡು ಒಳಗೆ ಹೋಗೋವಾಗ ನನ್ನ ಕಡೆ ನೋಡ್ಲೂ ಇಲ್ಲ — ಯಾಕೆ ನೋಡ್ತೀರ, ನಿಮ್ಮ ಲೆಕ್ಕದಲ್ಲಿ ನಾನು ಬರೀ ತಮಾಷೆಯವ್ನು.

ಎರಡು ತಿಂಗ್ಳ ಹಿಂದೆ ನೀವು ನಿಮ್ಮವ್ವಂಗೆ ಅಂತ ಉಪ್ಪಿನಕಾಯಿ ಕೊಟ್ಟು ನನ್ನ ಕೊಳ್ಳೇಗಾಲಕ್ಕೆ ಕಳ್ಸಿದ್ರಲ್ಲ. ಅವತ್ತು ಆ ಮನೆಯ ಒಳರೂಮು ನೋಡ್ದೆ. ನಿಮ್ಮ ಬಾಣಂತನಕ್ಕೆ ಅಂತ ಸುಣ್ಣ ಬಳ್ದಿದ್ದು. ಹೊಗೆ ಬರ್ಬಾರ್ದು ಅಂತ ಒಲೇನ ಹಿತ್ಲಿಗೆ ಹಾಕ್ಸಿದ್ರು. ತೊಲೆಗೆ ತೊಟ್ಲಿನ ಕೊಂಡಿ ಹೊಸದು, ಅದಕ್ಕೆ ಹಗ್ಗಾನೇ ಬಿದ್ದಿಲ್ಲ. ಕೆಳಗೆ ಈರುಳ್ಳಿ ಹರಡಿದ್ರು. ನಾನು ನೋಡ್ತಾ ನಿಂತಿದ್ದಕ್ಕೆ ನಿಮ್ಮಪ್ಪ, "ಗಾಳಿ ಚೆಂದಾಗಾಡ್ತದೆ ಈ ರೂಮ್ನಲ್ಲಿ. ಈರುಳ್ಳಿ ಕೊಳೆಯಾದಿಲ್ಲ," ಅಂದ್ರು.

ನಾನು ಅಲ್ಲೇ ಹೇಳ್ಬಿಟ್ಟೆ. ಮೈಕು, ಜ್ವರ, ಡಾಕ್ಟ್ರು, ಎಮ್ಮೆ, ಎಲ್ಲ. ಬೈತಾರೆ ಅಂತ ಕಾದೆ. ಅವ್ರು ಈರುಳ್ಳಿ ಒಂದೊಂದೇ ತಿರುಗಿಸಿ ಹಾಕ್ತಾ ಇದ್ರು.

"ಆಯ್ತು ಬುಡು ಮಾದೇಸಪ್ಪ. ಇದ ಯಾರ್ಗೂ ಏಳ್ಬ್ಯಾಡ. ಈಗೇಳಿ ನಿಮ್ಮವ್ವಂಗೆ ತಲೆ ತಗ್ಗಿಸ್ಬ್ಯಾಡ. ನನ್ ಮಗಳು ಅದೇ ಮನೇಲಿ ಬಾಳ್ಬೇಕು."

ನಾನು ಒಪ್ಕೊಂಡೆ. ನಿಜ ಹೇಳ್ಲಾ ಅತ್ಗೆ — ನಂಗೆ ಖುಷಿಯಾಯ್ತು. ಹೇಳಿದಂಗೂ ಆಯ್ತು, ಯಾರಿಗೂ ಗೊತ್ತಾಗ್ದಂಗೂ ಆಯ್ತು. ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲಲ್ಲಿ ಪರೋಟ ತಿಂದೆ, ಮೂರು. ದೊಡ್ಡ ಮನುಷ್ಯರ ಮಾತು ಮೀರ್ಬಾರ್ದು ಅಂತ ನಂಗೆ ನಾನೇ ಹೇಳ್ಕೊಂಡೆ, ಹುಟ್ಟಿದಾಗಿಂದ ಯಾರ ಮಾತೂ ಕೇಳದವ್ನು.

ಹೋದ ವಾರ ಪಾಪೂಗೆ ಒಂಬತ್ತು ತಿಂಗ್ಳ ಸೂಜಿ ಹಾಕ್ಸಕ್ಕೆ ನಾನೇ ನಿಮ್ಮ ಜೊತೆ ಕೊಳ್ಳೇಗಾಲಕ್ಕೆ ಬಂದೆ. ನಿಮ್ಮಪ್ಪ ಆಸ್ಪತ್ರೆ ಮುಂದಿನ ಮರದಡಿ ಕಾಯ್ತಿದ್ರು. ನೀವು ಪಾಪೂನ ಮುಂದಕ್ಕೆ ಹಿಡಿದ್ರಿ. ಪಾಪು ಕೈ ಚಾಚ್ತು. ಅವ್ರು ಎರಡು ಹೆಜ್ಜೆ ಹಿಂದಕ್ಕೆ ಹೋದ್ರು.

"ಬ್ಯಾಡ ಕಣವ್ವ. ದೂರದಿಂದ್ಲೇ ಕಾಣ್ತದೆ."

ನೀವು ಕಣ್ಣು ಒರೆಸ್ಕೊಂಡು ಒಳಗೆ ಹೋದ್ಮೇಲೆ ನಾನು ಕೇಳ್ದೆ — ನಿಮ್ಮದು ಅಂಟಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು, ಯಾಕೆ ಎತ್ಕೊಳ್ಳಲ್ಲ?

"ನಮ್ಮಿಬ್ರಿಗೆ ಗೊತ್ತಿದ್ರೆ ಆಯ್ತದಾ," ಅಂದ್ರು. ಸಿಟ್ಟಿಲ್ಲ. "ನಾಳೀಕೆ ಕೂಸ್ಗೆ ಒಂದ್ ಸೀನು ಬಂದ್ರೂ ಆ ಮನೇಲಿ ಯಾರೆಸ್ರು ಬತ್ತದೆ ಏಳು."

ಅವತ್ತು ರಾತ್ರಿನೇ ಇದನ್ನ ಬರೆಯಕ್ಕೆ ಕೂತೆ.

ಅವ್ವ, ಇದನ್ನ ಕೇಳ್ತಿದ್ರೆ — ನೀನು ಮಾಡಿದ್ದೆಲ್ಲ ನನ್ನ ಮಾತು ನಂಬಿ ಮಾಡಿದ್ದು. ಅಣ್ಣ, ಹೊಡೀಬೇಕು ಅನ್ಸಿದ್ರೆ ಹೊಡಿ, ಓಡಲ್ಲ. ಅಜ್ಜಿ, ಡಾಕ್ಟ್ರು ದೂರ ಮಲಗು ಅಂದಿದ್ರು. ನಾನು ಮಲಗ್ಲಿಲ್ಲ.

ಅತ್ಗೆ, ನಿಮ್ಮ ಚೊಚ್ಚಲ ಬಾಣಂತನ ಇನ್ನು ಯಾರು ಕೊಟ್ರೂ ವಾಪಸ್ ಬರಲ್ಲ. ಕ್ಷಮಿಸಿ ಅಂತ ಕೇಳೋ ಧೈರ್ಯ ನಂಗಿಲ್ಲ, ಕೇಳೋದೂ ಇಲ್ಲ. ನೀವು ನನ್ನ ಜೊತೆ ಮಾತು ಬಿಟ್ರೆ ಅದು ಸರಿನೇ. ಗೌರಿ ಹಬ್ಬ ಬುಧವಾರ. ಮಂಗಳವಾರ ನಾನು ಕೊಳ್ಳೇಗಾಲಕ್ಕೆ ಹೋಗ್ತೀನಿ, ಅವ್ವ ಬಂದ್ರೆ ಅವ್ವನ ಜೊತೆ, ಬರ್ದಿದ್ರೆ ಒಬ್ನೇ. ಆ ಬೀದಿಲೂ ನಾಕು ಜನದ ಮುಂದೆ ಇದನ್ನೇ ಹೇಳ್ತೀನಿ. ನಿಮ್ಮಪ್ಪಂಗೆ ಕೊಟ್ಟ ಮಾತು ಮುರೀತಿದೀನಿ. ಅವ್ರು ಬರ್ತಾರೋ, ಗೇಟ್ ಹತ್ರಾನೇ ನಿಲ್ತಾರೋ, ಅದು ಅವ್ರಿಗೆ ಬಿಟ್ಟಿದ್ದು.

ಇನ್ಮೇಲೆ ಪಾಪು ಸೀನಿದ್ರೆ, ಕೆಮ್ಮಿದ್ರೆ, ಮೈ ಬಿಸಿಯಾದ್ರೆ, ಈ ಮನೇಲಿ ಮೊದ್ಲು ನನ್ನ ಹೆಸ್ರು ಬರ್ಲಿ.