ಮೊದಲ ಕೊಡದ ಉಡಿ

ಕೊರ್ಲಹಳ್ಳಿಯ ಸಕ್ರಪ್ಪನಿಗೆ ಮಾತು ಕಡಿಮೆ. ಮುಂಡರಗಿಯಲ್ಲಿರುವ ನನ್ನ ಮೋಟಾರು ರಿಪೇರಿ ಅಂಗಡಿಗೆ ಬಂದರೆ ಒಂದು ಚಹಾ ಕುಡಿದು, ಎರಡು ಮಾತಾಡಿ, ಮೂರನೆಯದು ಬಾಯಿಗೆ ಬರುವ ಮೊದಲೇ ಎದ್ದು ಹೋಗುವ ಆಸಾಮಿ. ಇಂಥವನನ್ನು ಒಂದು ದೊಡ್ಡ ಕಂಪನಿ, ಮೊದಲು ನೀನು ಹೋಗಿ ಅಲ್ಲಿಯ ಜನರ ಜೊತೆ ಮಾತಾಡು, ಆಮೇಲೆ ನಮ್ಮ ಯಂತ್ರಗಳು ಬರುತ್ತವೆ ಎಂದು ಊರೂರಿಗೆ ಕಳಿಸುತ್ತದೆ ಎಂದರೆ ನನಗೆ ಇವತ್ತಿಗೂ ನಗು. ನಗುವಿನ ಜೊತೆ ಹೆಮ್ಮೆಯೂ ಇದೆ, ಅದನ್ನು ಯಾಕೆ ಮುಚ್ಚಿಡಲಿ.

ಇಪ್ಪತ್ತು ವರ್ಷ ಅವನು ಶಿರಹಟ್ಟಿ, ಲಕ್ಷ್ಮೇಶ್ವರ, ಕುರ್ತಕೋಟಿ ಎಂದು ಬೋರ್ ಕೊರೆಯುವ ಲಾರಿಯ ಮೇಲೆ ತಿರುಗಿದವನು. ನೀರು ಬಿದ್ದ ಕೂಡಲೇ ಯಂತ್ರ ನಿಲ್ಲಿಸಿ ಗಂಗವ್ವನ ಪೂಜೆ ಮಾಡುತ್ತಿದ್ದ. ಮೊದಲ ಕೊಡವನ್ನು ಹೊಲದೊಡತಿಯ ಕೈಗೆ ಕೊಟ್ಟು, ಅಲ್ಲಿರುವ ಹೆಣ್ಣುಮಕ್ಕಳಿಂದ ಅವಳ ಸೆರಗಿಗೆ ಉಡಿ ತುಂಬಿಸುತ್ತಿದ್ದ. ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣದ ಕೊಂಬು. ಇದೆಲ್ಲ ಆಗದೆ ಅವನು ಮುಂದಿನ ಹೊಲಕ್ಕೆ ಹೋದದ್ದಿಲ್ಲ.

ನಾಲ್ಕು ವರ್ಷದ ಹಿಂದೆ ಬೆಟಗೇರಿಯ ಇಂಜಿನಿಯರ್ ಸಿದ್ದಲಿಂಗೇಶ ಅವನನ್ನು ದಕ್ಷಿಣ ಸುಡಾನಿಗೆ ಕರೆದೊಯ್ದ. ಅಲ್ಲಿ ಸಿದ್ದಲಿಂಗೇಶ ಕೆಲಸಕ್ಕಿದ್ದ ಇದೇ ಕಂಪನಿ ರಸ್ತೆ ಮಾಡುತ್ತಿತ್ತು, ಕೆಲಸಗಾರರ ಕ್ಯಾಂಪಿಗೆ ನೀರು ಬೇಕಿತ್ತು. ಹೊರಡುವಾಗ ಹೆಂಡತಿ ಮಾಳವ್ವ ಪೆಟ್ಟಿಗೆಯಲ್ಲಿ ಉಡಿಯ ಸಾಮಾನು ಕಟ್ಟಿಟ್ಟಿದ್ದಳು.

"ಎಲ್ಲಿ ಹೋದ್ರೂ ಗಂಗವ್ವನ ಪೂಜಾ ಬಿಡಬ್ಯಾಡ್ರಿ" ಎಂದಿದ್ದಳು.

ಅವನು ಬಿಡಲೂ ಇಲ್ಲ. ಕೊರೆದ ಮೂರನೇ ದಿನ ನೀರು ಬಂತು. ದಿನಾ ಬಂದು ದೂರದಲ್ಲಿ ಕೂತು ನೋಡುತ್ತಿದ್ದ ಒಬ್ಬ ಮುದುಕಿಯನ್ನು ಕರೆದು ಮೊದಲ ಕೊಡ ಕೊಟ್ಟ. ಬೇರೆ ಹೆಂಗಸರಿಲ್ಲದ್ದರಿಂದ ತಾನೇ ಅವಳ ಬಟ್ಟೆಯ ಚುಂಗಿಗೆ ಉಡಿ ತುಂಬಿ ಕೈಮುಗಿದ.

ಆ ನೆಲಕ್ಕಾಗಿ ಎರಡು ಕಡೆಯವರು ವರ್ಷಗಟ್ಟಲೆ ಬಡಿದಾಡಿದ್ದರು. ಒಂದು ಕಡೆ ಜೋಳ ಬಿತ್ತುವವರು, ಇನ್ನೊಂದು ಕಡೆ ದನ ಮೇಯಿಸುವವರು. ಮುದುಕಿ ಜೋಳದ ಕಡೆಯವಳು. ಮೊದಲ ಕೊಡ ಕೊಟ್ಟು ಉಡಿ ತುಂಬಿದರೆ ಅವಳೇ ಹೊಲದೊಡತಿ ಎಂದು ನಮ್ಮಲ್ಲಿ ಅರ್ಥ. ಭಾಷೆ ಬೇರೆಯಾದರೂ ಅಲ್ಲಿಯವರಿಗೂ ಸರಿಯಾಗಿ ಹಾಗೆಯೇ ಅರ್ಥವಾಯಿತು. ಕಂಪನಿ ನೆಲವನ್ನು ಜೋಳದವರ ಹೆಸರಿಗೆ ಮಾಡಿಕೊಟ್ಟಿತು ಎಂದು ಸುದ್ದಿ ಹಬ್ಬಿತು. ಮರುದಿನ ದನದ ಕಡೆಯವರು ಬಂದೂಕು ಹಿಡಿದು ಬಂದರು. ಒಂದು ಗುಂಡು ನೀರಿನ ಟ್ಯಾಂಕಿಗೆ ಬಿತ್ತು. ಯಾರಿಗೂ ತಾಗಲಿಲ್ಲ, ಆದರೆ ಕ್ಯಾಂಪಿಗೆ ಅಕ್ಕಿ ತರುವ ಲಾರಿಯನ್ನು ಅವರು ದಾರಿಯಲ್ಲೇ ತಡೆದು ವಾಪಸು ಕಳಿಸಿದರು.

ಸಿದ್ದಲಿಂಗೇಶ ಹೆದರಿದ. ಇಪ್ಪತ್ತು ಜನ ಸಿಪಾಯಿಗಳನ್ನು ಕರೆಸಿ ಬೋರಿನ ಸುತ್ತ ನಿಲ್ಲಿಸುತ್ತೇನೆ ಎಂದ.

"ಸಾಹೇಬ್ರ, ಸಿಪಾಯಿ ಬಂದ್ರ ಹೆಣ ಬೀಳ್ತಾವು. ತಪ್ಪು ನಂದು, ನಾನ ಹೋಗಿ ಕೇಳ್ತೀನಿ."

"ಸಕ್ರಪ್ಪಣ್ಣ, ನೀವು ಮಷೀನು ನೋಡ್ಕೋರಿ. ಸರಕಾರದವರು ಸಹಿ ಮಾಡಿಕೊಟ್ಟ ಕಾಗದ ಐತಿ ನಮ್ಮ ಕಡೆ."

"ಕಾಗದ ಐತಿ ಖರೆ. ಅಲ್ಲಿ ಇರೋ ಮಂದಿನ್ನ ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಇಂಥ ಕಂಪನಿಗಳ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ನೆಲದ ಆಳ ಅಳೆಯಲು ಯಂತ್ರ ತರುತ್ತಾರೆ, ನೆಲದ ಮೇಲಿರುವವರ ಹತ್ತಿರ ಒಂದು ಗಳಿಗೆ ಕೂತು ಮಾತಾಡಲು ಅವರಿಗೆ ಪುರಸೊತ್ತಿಲ್ಲ.

"ಎರಡು ದಿನ ಕೊಡ್ರಿ. ಆಗಲಿಲ್ಲಂದ್ರ ನನ್ನ ಊರಿಗೆ ಕಳಸ್ರಿ. ಅಲ್ಲೀತನಕ ನಾ ಮಷೀನು ಮುಟ್ಟೂದಿಲ್ಲ" ಎಂದ ಸಕ್ರಪ್ಪ. ಬೋರ್ ನಡೆಸಲು ಬರುತ್ತಿದ್ದುದು ಅವನೊಬ್ಬನಿಗೇ. ಸಿದ್ದಲಿಂಗೇಶ ಹಲ್ಲು ಕಚ್ಚಿಕೊಂಡು ಒಪ್ಪಿದ.

ಅವತ್ತು ಸಂಜೆ ಸಕ್ರಪ್ಪ ಮಾಳವ್ವನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದ. ಅವಳು ಗಾಬರಿಯಾಗಲಿಲ್ಲ, ಬೈದಳು.

"ಎರಡು ಮನಿ ನಡುವಿನ ಬಾವಿ ಪೂಜಾಕ್ಕ ಒಬ್ಬಾಕಿನ್ನ ಕರದ್ರ ಇನ್ನೊಬ್ಬಾಕಿ ಸುಮ್ನ ಕುಂಡ್ರತಾಳೇನ್ರಿ? ಹೋಗ್ರಿ, ಕರದು ಬರ್ರಿ."

ಬೆಳಿಗ್ಗೆ ಸಕ್ರಪ್ಪ ಖಾಲಿ ಕೊಡ ಹೆಗಲ ಮೇಲಿಟ್ಟುಕೊಂಡು, ದುಭಾಷಿಯೊಬ್ಬನನ್ನು ಜೊತೆಗೆ ಕರೆದುಕೊಂಡು ದನದವರ ಹಟ್ಟಿಗೆ ನಡೆದ. ತಿಳಿಯದೆ ತಪ್ಪು ಮಾಡಿದೆ ಎಂದು ಅಲ್ಲಿಯ ಹಿರಿಯ ಮುದುಕಿಯ ಮುಂದೆ ಕೊಡ ಇಟ್ಟು ಕೂತ. ಅವಳು ಕೇಳಿದಳು: ನಮ್ಮ ದನ ಹೊಳೆಗೆ ಹೋಗುವ ದಾರಿಗೆ ತಂತಿ ಬೇಲಿ ಹಾಕಿದ್ದೀರಿ, ಅವು ನೀರು ಕುಡಿಯುವುದು ಎಲ್ಲಿ?

ಬೇಲಿಯ ವಿಷಯ ಸಕ್ರಪ್ಪನಿಗೆ ಗೊತ್ತಿರಲಿಲ್ಲ. ಮರುದಿನ ಸಿದ್ದಲಿಂಗೇಶನನ್ನೇ ಎಳೆದುಕೊಂಡು ಹೋದ. ಅವನು ಮೊದಲು ಮುಖ ಗಂಟು ಹಾಕಿಕೊಂಡು ಕೂತಿದ್ದ, ಆಮೇಲೆ ಜೇಬಿನಿಂದ ನಕ್ಷೆ ತೆಗೆದು ಆ ಹಟ್ಟಿಯ ನೆಲದ ಮೇಲೆ ಹಾಸಿದ. ಅಲ್ಲಿಂದ ಜೋಳದವರ ಊರಿಗೂ ಹೋದರು. ಬೇಲಿ ಹಿಂದಕ್ಕೆ ಸರಿಯಿತು. ಬೋರಿಗೆ ಎರಡು ಕಡೆ ನಲ್ಲಿ, ದನಗಳಿಗೆ ಉದ್ದನೆಯ ತೊಟ್ಟಿ ಎಂದು ಮಾತಾಯಿತು. ಕಂಪನಿಯ ಮೇಲಿನವರು ಫೋನಿನಲ್ಲಿ ಗೊಣಗಿದರು. ಸಿಪಾಯಿಗಳು ಬೇಡ ಎಂದು ಬರೆದು ಕಳಿಸಿದವನು ಸಿದ್ದಲಿಂಗೇಶನೇ. ಆ ಒಂದು ಕೆಲಸಕ್ಕೆ ನಾನು ಅವನ ಹಳೆಯದನ್ನೆಲ್ಲ ಮಾಫಿ ಮಾಡಿದ್ದೇನೆ.

ತೊಟ್ಟಿ ಕಟ್ಟಿ, ಪಂಪು ಕೂರಿಸಿ ನೀರು ಬಿಡುವ ದಿನ ಎರಡು ಕಡೆಯವರೂ ಬಂದರು. ಬಂದೂಕು ದೂರದ ಮರದ ಕೆಳಗೆ ಇಟ್ಟು ಬಂದಿದ್ದರು. ಕೊಡ ತುಂಬಿತು. ದನದ ಕಡೆಯ ಮುದುಕಿ ಮುಂದೆ ಬಂದು ನಿಂತಳು. ಸಕ್ರಪ್ಪನ ಪೆಟ್ಟಿಗೆಯಲ್ಲಿ ಏನೂ ಉಳಿದಿರಲಿಲ್ಲ. ವಾಪಸು ಹೋದ ಅಕ್ಕಿ ಲಾರಿ ಇನ್ನೂ ಬಾರದ್ದರಿಂದ ಕ್ಯಾಂಪಿನಲ್ಲಿ ಒಂದು ಹಿಡಿ ಅಕ್ಕಿಯೂ ಇರಲಿಲ್ಲ. ಎಲ್ಲರೂ ಅವನ ಕೈ ನೋಡುತ್ತಿದ್ದರು, ಅವನು ಬರಿಗೈಯಲ್ಲಿ ನಿಂತಿದ್ದ.

ಆಗ ಜೋಳದ ಕಡೆಯ ಮುದುಕಿ ತನ್ನ ಸೊಂಟದ ಗಂಟು ಬಿಚ್ಚಿದಳು. ಅವನು ತುಂಬಿದ ಉಡಿ ಹಾಗೆಯೇ ಇತ್ತು, ಒಂದು ಕಾಳೂ ತಿಂದಿರಲಿಲ್ಲ. ಅರ್ಧ ಅಕ್ಕಿಯನ್ನು, ಎರಡು ಕೊಬ್ಬರಿ ಬಟ್ಟಲಲ್ಲಿ ಒಂದನ್ನು ತೆಗೆದು ಎದುರಿನವಳ ಬಟ್ಟೆಗೆ ಹಾಕಿದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಇಬ್ಬರೂ ಬಗ್ಗಿ ಕೊಡ ಎತ್ತಿದರು.

ಇದನ್ನು ಹೇಳಿದ ದಿನ ಸಕ್ರಪ್ಪ ನನ್ನ ಅಂಗಡಿಯಲ್ಲಿ ಎರಡನೇ ಚಹಾ ಕುಡಿದ. ಕಣ್ಣೊರೆಸಿಕೊಂಡು ಮೂರನೇ ಮಾತನ್ನೂ ಆಡಿದ.

"ನಾ ತುಂಬಿದ ಉಡಿ ತಪ್ಪಾಗಿತ್ತು. ಆಕಿ ತುಂಬಿದ್ದು ಬರೋಬರಿ ಆತು."