ಟೈರು ಆರಿಸುತ್ತಿದ್ದ ಮಾಣಿಕ ಸರ್

ಮಾಣಿಕ ಸರ್ ಮನುಷ್ಯರ ಮುಖ ನೋಡುವ ಮೊದಲು ಅವರ ಬೈಕಿನ ಟೈರು ನೋಡುತ್ತಿದ್ದರು. ನೋಡುವುದೆಂದರೆ ಸುಮ್ಮನೆ ಕಣ್ಣು ಹಾಯಿಸುವುದಲ್ಲ. ಇಸ್ತ್ರಿ ಕೆಡದಂತೆ ಪ್ಯಾಂಟನ್ನು ಮೊಳಕಾಲ ಹತ್ತಿರ ಎತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು, ಬಲಗೈ ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ, ಆ ಗುರುತು ಮಾಯವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಔರಾದಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರರು. ಒಂಬತ್ತು ಬೆರಳಿಗೆ ಸುಣ್ಣದ ಕಡ್ಡಿಯ ಬಿಳಿ, ಆ ಒಂದಕ್ಕೆ ಮಾತ್ರ ಟೈರಿನ ಕಪ್ಪು. ಎಣಿಕೆ ಮುಗಿದ ಮೇಲೆ ಎದ್ದು ನಿಂತು, "ಆರಾಮ ಇದ್ದೀರೇನ್ರಿ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಎದುರಿಗಿದ್ದವರ ಆರಾಮ ಕೆಟ್ಟುಹೋಗಿರುತ್ತಿತ್ತು.

ನನಗೆ ಅವರು ಸಿಕ್ಕಿದ್ದು ಬೀದರಿನಲ್ಲಿ, ಖಾಜಾ ಭಾಯಿಯ ಟೈರು ಅಂಗಡಿಯಲ್ಲಿ. ನಾನು ಭಾಲ್ಕಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವವನು. ಸುಟ್ಟ ಪಂಪು ಬೆಳಿಗ್ಗೆ ಬಂದರೆ ಬಿಚ್ಚಿ, ತಂತಿ ಸುತ್ತಿ, ಸಂಜೆಯೊಳಗೆ ತಿರುಗಿಸಿ ಕೊಡುವುದು ನನ್ನ ಕಸುಬು. ಕೂತು ವಿಚಾರ ಮಾಡುತ್ತಾ ಇರುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಆ ದಿನವೂ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಟೈರು ಆರಿಸಿ, ಹಾಕಿಬಿಡಿ ಎಂದು ಹೇಳಿ ಆಗಿತ್ತು. ಪಕ್ಕದಲ್ಲಿ ಕೂತಿದ್ದ ಯಾರೋ ಒಬ್ಬರು ಬಗ್ಗಿ ಟೈರಿನ ಗೋಡೆಯ ಮೇಲೆ ಬೆರಳಿಟ್ಟರು.

"ಇದು ಬ್ಯಾಡ ತಮ್ಮಾ. ಈ ನಾಕು ಅಂಕಿ ನೋಡು. ಮೊದಲಿನ ಎರಡು ವಾರ, ಹಿಂದಿನ ಎರಡು ವರ್ಷ. ಇದು ಹುಟ್ಟಿ ಎರಡು ವರ್ಷ ಮ್ಯಾಲಾಗ್ಯದ. ಮಂದಿ ಜಾತಕ ನೋಡ್ತಾರ, ನಾ ಅದನ್ನ ನಂಬಲ್ಲ. ಇದನ್ನ ನಂಬ್ತೀನಿ."

ಖಾಜಾ ಭಾಯಿ ಹಣೆ ಚಚ್ಚಿಕೊಂಡರು. "ಮಾಸ್ತರ್ ಸಾಬ್, ಟೈರಿಗಿ ಐದು ವರ್ಷ ಏನೂ ಆಗಲ್ರಿ. ನೀವು ತೊಗೊಳ್ಳಂಗಿಲ್ಲ, ತೊಗೊಳ್ಳೋರಿಗೂ ಬಿಡಂಗಿಲ್ಲ. ಕ್ಯಾ ಕರ್ನಾ ಮೈ?"

ನಮ್ಮಿಬ್ಬರದೂ ಒಂದೇ ಮಾದರಿಯ ಬೈಕು, ಒಂದೇ ಅಳತೆಯ ಟೈರು ಎಂಬುದು ಗೊತ್ತಾದ ಮೇಲೆ ಮಾಣಿಕ ಸರ್ ನನ್ನನ್ನು ಬಿಡಲಿಲ್ಲ. ಚೆನ್ನೈ ಹತ್ತಿರ ರೇಸಿನ ಟ್ರ್ಯಾಕ್ ಒಂದಿದೆ. ವರ್ಷದಲ್ಲಿ ಕೆಲವು ದಿನ ಅದನ್ನು ನಮ್ಮಂಥ ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಪಂದ್ಯವಿಲ್ಲ, ಬಹುಮಾನವಿಲ್ಲ, ಚರ್ಮದ ಸೂಟು ತೊಟ್ಟು, ಎದುರಿನಿಂದ ಟಂಟಂ ಆಟೊ, ಎಮ್ಮೆ, ಕಬ್ಬಿನ ಲಾರಿ ಬರದ ರಸ್ತೆಯಲ್ಲಿ ಮನಸ್ಸು ತಣಿಯುವಷ್ಟು ಓಡಿಸುವುದು, ತಿರುವಿನಲ್ಲಿ ಮೊಳಕಾಲು ನೆಲಕ್ಕೆ ತಾಗುವಷ್ಟು ಬೈಕನ್ನು ಮಲಗಿಸುವುದು. ನಾನು ಅದಾಗಲೇ ಒಮ್ಮೆ ಹೋಗಿ ಬಂದಿದ್ದೆ. ಅದನ್ನು ಕೇಳಿ ಅವರ ಕಣ್ಣು ಅರಳಿತು. "ಮಲಗಿಸಿದಾಗ ಟೈರ್ ಹಿಡೀತದಂತ ನಿನಗ ಹ್ಯಾಂಗ ಗೊತ್ತಾಗ್ತದ?" ಎಂದು ಕೇಳಿದರು. "ಗೊತ್ತಾಗ್ತದ್ರಿ ಸರ್," ಎಂದೆ. ಅವರಿಗೆ ಅದು ಉತ್ತರವೇ ಅಲ್ಲ.

ಆ ಪ್ರಶ್ನೆಯ ಹಿಂದೆ ಒಮ್ಮೆ ಬಿದ್ದ ಕತೆ ಇತ್ತು. ಕೆಲವು ವರ್ಷಗಳ ಹಿಂದೆ ಹೆಂಡತಿ ಕಮಲಾಬಾಯಿಯನ್ನು ಹಿಂದೆ ಕೂರಿಸಿಕೊಂಡು ಬೀದರಿಗೆ ಬರುವಾಗ ಜನವಾಡದ ಹತ್ತಿರದ ಒಂದು ತಿರುವಿನಲ್ಲಿ ಬೈಕು ಜಾರಿ ಇಬ್ಬರೂ ಬಿದ್ದಿದ್ದರು. ಸರ್‌ಗೆ ತರಚುಗಾಯ, ಕಮಲಾಬಾಯಿಯವರ ಬಲ ಮಣಿಕಟ್ಟು ಮುರಿದಿತ್ತು. ಎಲುಬು ಕೂಡಿತು. ಆದರೆ ಆಮೇಲೂ ನಾಕು ರೊಟ್ಟಿ ಬಡಿದರೆ ಅವರು ಕೈಯನ್ನು ಒಮ್ಮೆ ಝಾಡಿಸುತ್ತಿದ್ದರು. ಅವರು ಝಾಡಿಸಿದಾಗಲೆಲ್ಲ ಸರ್ ತಲೆ ತಗ್ಗಿಸುವುದನ್ನು ನಾನೇ ನೋಡಿದ್ದೇನೆ. ಬಿದ್ದ ಮರುದಿನ ಸರ್ ಟೈರಿನ ನಾಕು ಅಂಕಿ ಓದಿದರಂತೆ. ಆರು ವರ್ಷ ಹಳೆಯದು. ವಿಜ್ಞಾನ ಕಲಿಸುವವನು, ರಬ್ಬರು ಗಟ್ಟಿಯಾಗುತ್ತದೆಂದು ತಿಳಿದವನು, ತಾನೇ ನೋಡಲಿಲ್ಲವಲ್ಲ ಎಂದು ಕೊರಗಿದರು. ಅಂದಿನಿಂದ ಪ್ರತಿ ತಿರುವಿನಲ್ಲೂ ಎತ್ತಿನ ಗಾಡಿಗಿಂತ ಮೆಲ್ಲಗೆ ಹೋಗುತ್ತಿದ್ದರು. ಸರಿಯಾದ ಟೈರು ಆರಿಸಿ, ಯಾರೂ ಅಡ್ಡ ಬರದ ಜಾಗದಲ್ಲಿ ಒಮ್ಮೆ ಬೈಕನ್ನು ಪೂರ್ತಿ ಮಲಗಿಸಿ ಎದ್ದು ಬಂದರೆ ಆ ಹೆದರಿಕೆ ಬಿಡುತ್ತದೆ, ಮತ್ತೆ ಬಾಯಿಯವರನ್ನು ಹಿಂದೆ ಕೂರಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ. ಅವರು ಬಿದ್ದಂದಿನಿಂದ ಗಂಡ ಬೈಕಿನಲ್ಲಿ, ಹೆಂಡತಿ ಬಸ್ಸಿನಲ್ಲಿ.

ಲೆಕ್ಕವೇನೋ ಸರಿ. ಆದರೆ ಟೈರು ಆರಿಸುವುದು ಮುಗಿಯಬೇಕಲ್ಲ!

ತೊಡಕು ಇದ್ದದ್ದು ಖರೆ. ರೇಸಿನವರ ನುಣುಪು ಟೈರು ರಸ್ತೆಗೆ ಹಾಕುವಂತಿಲ್ಲ, ಪೊಲೀಸರೂ ಬಿಡುವುದಿಲ್ಲ, ಮಳೆಯೂ ಬಿಡುವುದಿಲ್ಲ. ನಮ್ಮ ಬಳಿ ಎರಡನೇ ಜೊತೆ ಚಕ್ರವಿಲ್ಲ, ಬೈಕು ಹೇರಿಕೊಂಡು ಹೋಗಲು ಗಾಡಿಯಿಲ್ಲ. ಅದೇ ಟೈರಿನ ಮೇಲೆ ಚೆನ್ನೈಗೆ ಹೋಗಬೇಕು, ಅದೇ ಟೈರಿನ ಮೇಲೆ ಟ್ರ್ಯಾಕಿನಲ್ಲಿ ಓಡಿಸಬೇಕು, ಅದೇ ಟೈರಿನ ಮೇಲೆ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಮುಟ್ಟಬೇಕು. ಮಾಣಿಕ ಸರ್ ಇದನ್ನು ಹತ್ತನೇ ಇಯತ್ತೆಯವರಿಗೆ ಹೇಳುವಂತೆ ನನಗೆ ಹೇಳುತ್ತಿದ್ದರು. ಜೇಬಿನಿಂದ ಎರಡು ಅಳಿಸುವ ರಬ್ಬರು ತೆಗೆದು ನನ್ನ ಅಂಗಡಿಯ ಬಿಲ್ ಪುಸ್ತಕದ ಮೇಲೆ ಉಜ್ಜುವರು.

"ಈ ಮೆತ್ತಂದು ಛಲೋ ಅಳಸ್ತದ, ಲಗೂ ಸವೀತದ. ಈ ಗಟ್ಟಿದು ವರ್ಷಗಟ್ಟಲೆ ಬರ್ತದ, ಆದ್ರ ಕಾಗದ ಹರೀತದ. ನನಗ ಅಳಸೋದೂ ಬೇಕು, ಉಳಿಯೋದೂ ಬೇಕು. ಹೇಳು, ನಾ ಯಾವುದು ತೊಗೊಳ್ಳಲಿ?"

"ನಡುವಿಂದು ತೊಗೊಳ್ರಿ ಸರ್. ನಡುವ ಗಟ್ಟಿ, ಅಂಚಿಗಿ ಮೆತ್ತಗ ಇರೋದು ಬರ್ತಾವಲ್ಲ. ನಾ ಅದೇ ಹಾಕೀನಿ."

"ಗಟ್ಟಿ ಮುಗದು ಮೆತ್ತಂದು ಸುರು ಆಗೋ ಜಾಗದಾಗ ಏನಾಗ್ತದ?"

ಏನೂ ಆಗುವುದಿಲ್ಲ! ಎಷ್ಟು ಸಲ ಹೇಳಿದೆನೋ. ಅವರು ಅದನ್ನೂ ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು: 'ಶಿವರಾಜನ ಪ್ರಕಾರ ಏನೂ ಆಗುವುದಿಲ್ಲ. ಪರೀಕ್ಷಿಸಬೇಕು.'

ಎರಡು ವರ್ಷ ಹೀಗೇ ಹೋಯಿತು. ಭಾನುವಾರ ಬಂದರೆ ಸರ್ ಔರಾದಿನಿಂದ ಭಾಲ್ಕಿಗೆ, ಅಲ್ಲಿಂದ ನನ್ನನ್ನು ಎಬ್ಬಿಸಿಕೊಂಡು ಬೀದರಿಗೆ. ಒಂದೊಂದು ಸಲ ಹೈದರಾಬಾದಿಗೆ. ಒಂದರಲ್ಲಿ ನೀರು ಹರಿದುಹೋಗುವ ಕಚ್ಚು ಕಡಿಮೆ, ಮಳೆಗೆ ಆಗುವುದಿಲ್ಲ. ಒಂದು ಬಿಸಿಯಾಗುವವರೆಗೆ ಹಿಡಿಯುವುದಿಲ್ಲ, ನಮ್ಮ ಡಿಸೆಂಬರಿನ ಥಂಡಿಯಲ್ಲಿ ಶಾಲೆ ಮುಟ್ಟಿದರೂ ಬಿಸಿಯಾಗುವುದಿಲ್ಲ. ಎಲ್ಲ ಸರಿಯಿದ್ದರೆ ಆ ನಾಕು ಅಂಕಿ ಸರಿಯಿರುವುದಿಲ್ಲ. "ಮಾಸ್ತರ್ ಸಾಬ್, ನೀವು ಟೈರ್ ನೋಡ್ಲತ್ತೀರೋ ಇಲ್ಲ ಅಳಿಯನ ನೋಡ್ಲತ್ತೀರೋ?" ಎಂದು ಖಾಜಾ ಭಾಯಿ ಕೇಳಿಯೇ ಬಿಟ್ಟರು. ಸರ್ ನಕ್ಕು, "ಅಳಿಯ ಕೆಟ್ಟವ ಬಂದ್ರ ಮಗಳು ಮನಿಗಿ ವಾಪಸ್ ಬರ್ತಾಳ್ರಿ. ಟೈರ್ ಕೆಟ್ಟದ್ದು ಬಂದ್ರ ನಾವೇ ಬರಂಗಿಲ್ಲ," ಎಂದರು. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಅದಕ್ಕೇ ನನಗೆ ಎರಡು ಪಟ್ಟು ಬರುತ್ತಿತ್ತು.

ಈ ನಡುವೆ ಎರಡು ಸಲ ಟ್ರ್ಯಾಕಿಗೆ ಇಬ್ಬರ ಹೆಸರನ್ನೂ ನೋಂದಾಯಿಸಿದೆ. ಎರಡೂ ಸಲ ಅವರು ಹಿಂದಿನ ದಿನ ಫೋನು ಮಾಡಿ, "ಟೈರ್ ಇನ್ನಾ ಫಿಕ್ಸ್ ಆಗಿಲ್ಲ ತಮ್ಮಾ, ನೀ ಹೋಗಿ ಬಾ," ಎಂದರು. ನಾನು ಒಬ್ಬನೇ ಅಷ್ಟು ದೂರ ಹೋಗಿ, ಓಡಿಸಿ, ಬಂದೆ. ಬಂದ ಮೇಲೆ ಮತ್ತೆ ಅವರ ಉಗುರು ನನ್ನ ಟೈರಿಗೆ.

ಮೂರನೇ ವರ್ಷ ಪವಾಡ ಆಯಿತು. ಖಾಜಾ ಭಾಯಿ ಎಲ್ಲಿಂದಲೋ ಒಂದು ಜೊತೆ ತರಿಸಿದರು. ಮೆತ್ತನೆಯ ರಬ್ಬರು, ರಸ್ತೆಗೂ ಪರವಾನಗಿ, ಮಳೆಗೆ ಬೇಕಾದಷ್ಟು ಕಚ್ಚು, ಹುಟ್ಟಿ ಮೂರೇ ತಿಂಗಳು. ಸರ್ ಕೂತರು, ಉಗುರು ಒತ್ತಿದರು, ಎಣಿಸಿದರು, ನೋಟುಬುಕ್ಕು ನೋಡಿದರು, ಮತ್ತೆ ಒತ್ತಿದರು. ಆಮೇಲೆ "ಇವೇ," ಎಂದರು. ಖಾಜಾ ಭಾಯಿ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ತರಿಸಿದರು. ನನಗಂತೂ ಸ್ವಂತ ಮದುವೆ ಕೂಡಿಬಂದಷ್ಟು ಸಂತೋಷ.

ಸಂತೋಷ ಚಹಾ ಆರುವವರೆಗೂ ಉಳಿಯಲಿಲ್ಲ. ಹಾಕಲು ಬೈಕು ಎತ್ತಿದರೆ ಸರ್ ಕೈ ಅಡ್ಡ ಹಿಡಿದರು. "ಈಗ ಹಾಕಿದ್ರ ಸಾಲಿಗಿ ಹೋಗಿ ಬಂದು ನಡುವ ಚಪ್ಪಟಿ ಆಗ್ತಾವ್ರಿ. ಹೋಗೋ ಮುಂದ ಹಾಕೋಣ." ಹೊಸ ಬಟ್ಟೆಯನ್ನು ಹಬ್ಬಕ್ಕೆಂದು ಟ್ರಂಕಿನಲ್ಲಿ ಇಡುವ ಜನ ನಾವು, ಆ ಮಾತು ನನಗೂ ಆಗ ತಪ್ಪೆನಿಸಲಿಲ್ಲ. ಟೈರುಗಳು ಔರಾದಿಗೆ ಹೋಗಿ, ಹಳೆಯ ಚಾದರ ಸುತ್ತಿಕೊಂಡು, ಅವರ ಪಲಂಗದ ಕೆಳಗೆ ಮಲಗಿದವು. "ಜ್ವಾಳದ ಚೀಲ ಹೊರಗ, ಟೈರ್ ಒಳಗ. ಹ್ಯಾಂಗದ ನೋಡ್ರಿ ನಮ್ಮ ಸಂಸಾರ," ಎಂದು ಕಮಲಾಬಾಯಿ ನನಗೆ ತೋರಿಸಿದರು. ಅವರ ಮಾತಿನಲ್ಲಿ ಬೇಸರವಿರಲಿಲ್ಲ. ಗಂಡ ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು.

ಆ ವರ್ಷದ ಟ್ರ್ಯಾಕ್ ದಿನ ಮಳೆಯಿಂದ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದದ್ದು ಹತ್ತನೇ ಇಯತ್ತೆಯ ಪರೀಕ್ಷೆಗೆ ಬಂದು ಕೂತಿತು. ಆಮೇಲೆ ಪೇಪರು ತಿದ್ದುವುದು, ಅದಾದ ಮೇಲೆ ಚುನಾವಣೆ ಕೆಲಸ. ಮರುವರ್ಷವೂ ಹೀಗೇ ಒಂದಿಲ್ಲೊಂದು ಅಡ್ಡ ಬಂತು. ಕಡೆಗೆ ಎಲ್ಲ ಕೂಡಿಬಂದ ಒಂದು ಭಾನುವಾರ ಬೆಳಿಗ್ಗೆ ನಾನು ಔರಾದಿಗೆ ಹೋದೆ. ಬೀದರಿಗೆ ಒಯ್ದು ಟೈರು ಹಾಕಿಸುವುದು, ಬುಧವಾರ ಹೊರಡುವುದು ಎಂದು ಮಾತಾಗಿತ್ತು. ಸರ್ ಪಲಂಗದ ಕೆಳಗಿನಿಂದ ಗಂಟು ಎಳೆದು ಚಾದರ ಬಿಚ್ಚಿದರು. ಕೂತರು. ನಾಕು ಅಂಕಿ ಓದಿದರು. ಬೆರಳಿನಲ್ಲಿ ಲೆಕ್ಕ ಹಾಕಿದರು.

"ತಮ್ಮಾ, ಇವಕ್ಕ ಎರಡು ವರ್ಷ ಮ್ಯಾಲಾಯ್ತು. ಇವು ಬ್ಯಾಡ."

ನನ್ನ ಬಾಯಿಂದ ಹೊರಟ ಮಾತು ನಿಲ್ಲಲಿಲ್ಲ.

"ಸರ್, ನಿಮಗ ಟೈರೂ ಬ್ಯಾಡ, ಟ್ರ್ಯಾಕೂ ಬ್ಯಾಡ. ನಿಮಗ ಬರೇ ಹುಡುಕೋದು ಬೇಕು."

"ಹಂಗಲ್ಲೋ, ರಬ್ಬರ..."

"ರಬ್ಬರ ಏನೂ ಮಾಡಿಲ್ರಿ! ಅವತ್ತು ಜನವಾಡದ ತಿರುವಿನಾಗ ರಸ್ತಿ ಮ್ಯಾಲ ಮೊರಂ ಮಣ್ಣು ಬಿದ್ದಿತ್ತು, ನೀವೇ ಹೇಳೀರಿ. ಮೊರಂ ಮ್ಯಾಲ ಬ್ರೇಕ್ ಹಿಡದ್ರ ನಿನ್ನೆ ಹುಟ್ಟಿದ ಟೈರೂ ಜಾರ್ತದ. ಬಾಯಿಯವರ ಕೈ ಮುರಿದಿದ್ದು ನಿಮ್ಮಿಂದ, ಟೈರಿನಿಂದಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಸರ್ ಚಾದರವನ್ನು ನಾಕು ಮಡಿಕೆ ಮಾಡಿ ಪಲಂಗದ ಮೇಲಿಟ್ಟರು. "ನೀ ಒಯ್ಯಿ. ನಿನ್ನ ಗಾಡಿಗಿ ಹಾಕ್ಕೊ," ಎಂದರು. ನಾನು ಕ್ಷಮೆ ಕೇಳಬೇಕಿತ್ತು. ಸಿಟ್ಟಿನಲ್ಲಿ ಟೈರುಗಳನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು ಬಂದೆ.

ಚೆನ್ನೈಗೆ ಆ ಟೈರುಗಳ ಮೇಲೆಯೇ ಹೋದೆ. ಟ್ರ್ಯಾಕಿನಲ್ಲಿ ಮೊದಲ ಎರಡು ಸುತ್ತು ರಬ್ಬರು ಬಿಸಿಯಾಗಲೆಂದು ಮೆಲ್ಲಗೆ ಬಿಟ್ಟೆ. ಮೂರನೇ ಸುತ್ತಿನ ಉದ್ದನೆಯ ಬಲ ತಿರುವಿನಲ್ಲಿ ಬೈಕನ್ನು ಮಲಗಿಸಿದೆ. ಹಿಡಿಯಿತು. ಇನ್ನೂ ಮಲಗಿಸಿದೆ. ಇನ್ನೂ ಹಿಡಿಯಿತು. ನನ್ನ ಜೀವಮಾನದಲ್ಲಿ ಅಂಥ ಟೈರಿನ ಮೇಲೆ ನಾನು ಕೂತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಮಾಣಿಕ ಸರ್‌ಗೆ ಬಾಯಿಗೆ ಬಂದಂತೆ ಬೈದೆ. ಎಷ್ಟು ಸರಿಯಾಗಿ ಆರಿಸಿದ್ದರು ಪುಣ್ಯಾತ್ಮರು!

ಭಾಲ್ಕಿಗೆ ಮುಟ್ಟಿದ ಮರುದಿನವೇ ಬೈಕು ತೊಳೆಯದೆ ಔರಾದಿಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಹೆಂಡತಿಗೆ ಹೇಳಿದ್ದೆ. ಖರೆ ಹೇಳಬೇಕೆಂದರೆ, ನಾನು ಹೇಳಿದ್ದೇ ಸರಿ ಎಂದು ತೋರಿಸಲು ಹೋಗಿದ್ದೆ. ಸರ್ ಹೊರಗೆ ಬಂದರು. ಹಿಂದಿನ ಟೈರಿನ ಎದುರು ಕೂತರು. ರಬ್ಬರು ಎರಡೂ ಬದಿಗೆ ಅಂಚಿನವರೆಗೆ ಸವೆದು, ಕೊನೆಯಲ್ಲಿ ಸಣ್ಣ ಸಣ್ಣ ಉಂಡೆಯಾಗಿ ಮೆತ್ತಿಕೊಂಡಿತ್ತು. ಅವರು ಉಗುರು ಒತ್ತಲಿಲ್ಲ. ಅಂಚನ್ನು ಅಂಗೈಯಿಂದ ಸವರಿದರು.

"ಎಲ್ಲೆರೆ ಹಿಡಿತ ಬಿಟ್ಟವೇನು?"

"ಒಂದು ಸಲನೂ ಬಿಡ್ಲಿಲ್ರಿ ಸರ್."

"ನಂಬಿಕಿ ಎಷ್ಟನೇ ಸುತ್ತಿಗಿ ಬಂತು?"

"ಮೂರನೇ ಸುತ್ತಿಗಿ."

ಅವರು ಬಹಳ ಹೊತ್ತು ಮೇಲೇಳಲಿಲ್ಲ. "ಬರೇ ಮೂರು ಸುತ್ತಾ?" ಎಂದರು, ನನಗಲ್ಲ, ಟೈರಿಗೆ ಎಂಬಂತೆ. ಆಮೇಲೆ ಎದ್ದು, ಮೊಳಕಾಲು ಝಾಡಿಸಿಕೊಂಡು, "ಚಹಾ ಕುಡಿದು ಹೋಗು," ಎಂದು ಒಳಗೆ ಹೋದರು. ಚಹಾ ಕುಡಿಯುವಾಗ ಮುಂಗಾರಿನ ಮಾತು ಆಡಿದೆವು.

ಅದೇ ಕಡೆಯ ಭೇಟಿ. ಆ ತಿಂಗಳೇ ಅವರು ಬೈಕನ್ನು ಕಮಠಾಣದ ಯಾರಿಗೋ ಮಾರಿದರು. ಜೂನಿನಲ್ಲಿ ರಾಯಚೂರು ಕಡೆಗೆ ವರ್ಗವಾಯಿತು. ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲೇ ಓಡಾಡುತ್ತಾರೆ ಎಂದು ಖಾಜಾ ಭಾಯಿ ಹೇಳಿದರು. ನಾನು ಎರಡು ಸಲ ಫೋನು ಮಾಡಿದೆ. ಬಿಸಿಲು ಹೇಗಿದೆ, ಶಾಲೆ ಹೇಗಿದೆ ಎಂದು ಕೇಳಿ ಇಟ್ಟೆ.

ಹಿಂದಿನ ಟೈರು ಒಂದು ಸಲ ಜಾರಿತ್ರಿ ಸರ್, ನೀವು ಹೇಳಿದ್ದು ಖರೆ, ತಪ್ಪು ರಬ್ಬರದೇ ಇತ್ತು ಎಂದು ಆ ದಿನ ನಾನು ಸುಳ್ಳು ಹೇಳಬಹುದಿತ್ತು. ಅವರು ನಂಬುತ್ತಿರಲಿಲ್ಲ, ಟೈರು ಅಂಚಿನವರೆಗೂ ಸವೆದದ್ದನ್ನು ನೋಡಿದ್ದರು. ಆದರೂ ಹೇಳಬಹುದಿತ್ತು.