ಶನಿವಾರದ ಪಾಠದಿಂದ ಹೊರಬಿದ್ದದ್ದು

ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮ ಬೈಬಲ್ ಅಧ್ಯಯನ ನಡೆಸುತ್ತಿದ್ದ ಹಿರಿಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾನೇಸರ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವುದು ಅವರ ಕೆಲಸ. ಶನಿವಾರ ಸಂಜೆ ಅವರ ಫ್ಲ್ಯಾಟಿನಲ್ಲಿ ಸೇರುತ್ತಿದ್ದ ನಾಲ್ಕಾರು ಕನ್ನಡ ಕುಟುಂಬಗಳನ್ನೂ ಹಾಗೇ ಪರೀಕ್ಷಿಸುತ್ತಿದ್ದರು. ಪ್ರಶ್ನೆ, ಉತ್ತರ ಎರಡೂ ಒಂದೇ ಜೆರಾಕ್ಸ್ ಹಾಳೆಯಲ್ಲಿ.

ನನಗಾಗ ಮೂವತ್ತಾರು. ಅದೇ ಕಟ್ಟಡದಲ್ಲಿ ಎರಡು ಮಹಡಿ ಕೆಳಗೆ ನನ್ನ ಮನೆ. ದೆಹಲಿಯ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕಿಯಾಗಿದ್ದೆ. ಸಂಡೇ ಸ್ಕೂಲಿನ ಬಾಯಿಪಾಠ ಬಿಟ್ಟರೆ ಬೈಬಲನ್ನು ನಾನು ಓದಿಯೇ ಇಲ್ಲ ಎಂಬುದು ತಡವಾಗಿ ಹೊಳೆದು ಅಲ್ಲಿಗೆ ಹೋಗತೊಡಗಿದ್ದೆ.

ಅಂದಿನ ಪಾಠದಲ್ಲಿ ಮೂಲಪಿತೃವೊಬ್ಬ ಹೆಂಡತಿಯ ಮಾತು ಕೇಳಿ ದಾಸಿಯನ್ನೂ, ಅವಳಲ್ಲಿ ತನಗೆ ಹುಟ್ಟಿದ ಮಗನನ್ನೂ ಮನೆಯಿಂದ ಅಟ್ಟುತ್ತಾನೆ. ಹಾಳೆಯ ಉತ್ತರ: ವಿಧೇಯತೆ.

"ಅಷ್ಟು ಶ್ರೀಮಂತ, ಒಂದು ಕತ್ತೆನಾದ್ರೂ ಕೊಡಬಹುದಿತ್ತಲ್ಲ? ರೊಟ್ಟಿ, ಒಂದು ತೊಗಲಿನ ತಿತ್ತಿ ನೀರು, ಅಷ್ಟೇನಾ?" ಎಂದೆ.

"ದೇವರ ವಾಕ್ಯಾನ ನಿಮ್ಮ ಕಾಲೇಜು ಅಂದ್ಕೊಂಡಿದ್ದೀರಾ?"

"ನೀವು ನಿಮ್ಮ ಫ್ಯಾಕ್ಟರಿ ಅಂದ್ಕೊಂಡಿದ್ದೀರಲ್ಲ."

ಯಾರೂ ನಗಲಿಲ್ಲ. ಇನ್ನು ಬರಬೇಡಿ ಎಂದರು ಹಿರಿಯರು. ಟ್ರೇ ಹಿಡಿದು ನಿಂತಿದ್ದ ಅವರ ಹೆಂಡತಿ ನನಗೆ ಚಹಾ ಕೊಡದೆ ಒಳಗೆ ಹೋದರು. ಇವಳೂ ಅಂಥವಳೇ ಎಂದುಕೊಂಡು ಚಪ್ಪಲಿ ಮೆಟ್ಟಿದೆ.

ಮಂಗಳವಾರ ಮಧ್ಯಾಹ್ನ ಅದೇ ಹೆಂಗಸು ನನ್ನ ಬಾಗಿಲಲ್ಲಿ, ಕೈಯಲ್ಲಿ ಬೈಬಲ್. "ಆ ದಾಸಿ ಕತೆ ಮೊದಲಿಂದ ಓದೋಣ. ಅವರು ಟ್ರಾಫಿಕ್ ಜಾಮ್ ದಾಟಿ ಬರೋದು ಎಂಟಾಗುತ್ತೆ."

ನಾನು ಹುರುಪಿನಿಂದ ಅವರ ಗಂಡನನ್ನು ಆಡಿಕೊಳ್ಳತೊಡಗಿದೆ. ಆಕೆ ತಡೆದರು. "ಅವರನ್ನ ಬೈಯೋಕೆ ನಂಗೆ ನೀವು ಬೇಕಿಲ್ಲ. ನೀವೂ ಅವರ ಹಾಗೇನೇ, ಉತ್ತರ ಮೊದಲೇ ಇಟ್ಕೊಂಡು ಓದ್ತೀರ. ಬರೆದಿರೋದನ್ನ ಓದಿ."

ಕಪಾಳಕ್ಕೆ ಹೊಡೆದಂತಾಯಿತು. ಓದಿದೆ. ಹಿಂದಿನ ಅಧ್ಯಾಯವೊಂದರಲ್ಲಿ ಅದೇ ದಾಸಿ ಬಸುರಿಯಾಗಿದ್ದಾಗ ಯಜಮಾನಿಯ ಕಾಟ ತಾಳದೆ ಓಡಿಹೋಗುತ್ತಾಳೆ. ನೀರಿನ ಒರತೆಯ ಬಳಿ ದೇವರು ಮಾತಾಡಿಸುತ್ತಾನೆ. ಹಿರಿಯರ ಹೆಂಡತಿಯ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ನೋಡಿ, ಇವಳು ದೇವರಿಗೇ ಹೆಸರಿಡ್ತಾಳೆ, ನನ್ನನ್ನ ನೋಡೋ ದೇವರು ಅಂತ! ನಮ್ಮನೇಲಿ ಇಷ್ಟು ಸಲ ಈ ಪಾಠ ಆಗಿದೆ, ಯಾರೂ ಹೇಳಲಿಲ್ಲ."

ನಾನೂ ಕಂಡಿರಲಿಲ್ಲ.

ಆ ಚಳಿಗಾಲವಿಡೀ ಮಂಗಳವಾರಗಳಂದು ಓದಿದೆವು. ಗೆಳತಿಯರಾಗಲಿಲ್ಲ, ಪ್ರತಿ ಸಲವೂ ಜಗಳ. ವಿಷಯ ಗೊತ್ತಾದ ದಿನ ಹಿರಿಯರು ಲಿಫ್ಟಿನಲ್ಲಿ, "ನನ್ನ ಮನೆ ಒಡೀಬೇಡಿ" ಎಂದು ಹಲ್ಲು ಕಡಿದರು.

"ನಾನು ಕರೆದಿಲ್ಲ. ಅವರೇ ಬರ್ತಾರೆ" ಎಂದೆ.

ಆಕೆ ಬರುವುದು ನಿಲ್ಲಲಿಲ್ಲ. ಆ ಮನುಷ್ಯನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮೆಯ ಅಧ್ಯಾಯಗಳು ಬಂದಾಗ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೇಗ ಬೇಗ ಪುಟ ಮಗುಚುತ್ತಿದ್ದೆ.